ಕೊಂದಷ್ಟೂ ಹುಟ್ಟುವ ಏಪ್ಟೇಸಿಯಾ: ಮನೆಯ ರೀಫ್ ಟ್ಯಾಂಕಿಗೊಂದು ದೋಷ ನಿವಾರಣೆ ಕೈಪಿಡಿ

ಏಪ್ಟೇಸಿಯಾ ಎಂದರೆ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಕಳೆಯಂತೆ ಹಬ್ಬುವ ಒಂದು ಸಮುದ್ರ ಅನಿಮೋನ್. ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಟ್ಯಾಂಕಿನಲ್ಲಿ ಮೂರು ಏಪ್ಟೇಸಿಯಾ ಕಂಡವು, ಏನೋ ಹಾಕಿದ್ದಾಯಿತು, ಮೂರೂ ಮುದುಡಿ ಹೋದವು. ಇಪ್ಪತ್ತು ದಿನ ಕಳೆದು ನೋಡಿದರೆ ಹದಿನೈದು. ಆಗ ಎಲ್ಲರೂ ಕೇಳುವ ಪ್ರಶ್ನೆ "ಇದಕ್ಕಿಂತ ಸ್ಟ್ರಾಂಗ್ ಔಷಧಿ ಯಾವುದಿದೆ?" ಎಂದು. ತಪ್ಪು ಪ್ರಶ್ನೆ. ಏಪ್ಟೇಸಿಯಾವನ್ನು ಕೊಲ್ಲಲು ಅಡುಗೆಮನೆಯ ನಿಂಬೆರಸವೂ ಸಾಕು. ಅದು ವಾಪಸ್ ಬರುವುದು ಔಷಧಿಯ ಬಲ ಸಾಲದೆ ಅಲ್ಲ, ಹಾಕಿದ ರೀತಿಯಲ್ಲಿ ಅಥವಾ ನೋಡದೆ ಬಿಟ್ಟ ಜಾಗದಲ್ಲಿ ಎಲ್ಲೋ ಎಡವಿರುವುದರಿಂದ. ಎಲ್ಲಿ ಎಡವಿದ್ದೇವೆ ಎಂಬುದನ್ನು, ಅದು ಎಲ್ಲಿ ಮತ್ತು ಎಷ್ಟು ದಿನಕ್ಕೆ ಮತ್ತೆ ಎದ್ದಿತು ಎನ್ನುವುದೇ ಹೇಳುತ್ತದೆ.

ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಕಡೆ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ ಇನ್ನೂ ಒಂದೆರಡು ಸಮಸ್ಯೆ ಜಾಸ್ತಿ: ಮಳೆಗಾಲದ ತೇವ, ಹೋಗಿ ಬರುವ ಕರೆಂಟು, ಮತ್ತು ಮನೆಯ ಹಿಂದಿನ ಶೆಡ್ಡಿನಲ್ಲಿರುವ ಮೈಲುತುತ್ತ (ತಾಮ್ರದ ಸಲ್ಫೇಟ್). ಅದಕ್ಕೆ ಆಮೇಲೆ ಬರೋಣ.

ಮೊದಲು, ಅದು ಏಪ್ಟೇಸಿಯಾ ಹೌದೋ ಅಲ್ಲವೋ

ಏಪ್ಟೇಸಿಯಾಕ್ಕೆ ಉದ್ದನೆಯ, ಅರೆಪಾರದರ್ಶಕ ಕಂದು ಕಾಂಡ. ಅದರ ತುದಿಯಲ್ಲಿ ತಟ್ಟೆಯಂಥ ಬಾಯಿ. ಸುತ್ತಲೂ ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗುತ್ತ ಸೂಜಿಯಂತಾಗುವ ಗ್ರಹಣಾಂಗಗಳು. ಪುಟ್ಟ ತಾಳೆಮರದಂತೆ ಕಾಣುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಿನ ತೂತಿನೊಳಗೆ ಸೇರಿಕೊಳ್ಳುತ್ತದೆ. ಜೋರಾಗಿ ಕೆಣಕಿದರೆ ಬಿಳಿ ದಾರದಂಥ ಎಳೆಗಳನ್ನು ಹೊರಗೆ ಬಿಡುತ್ತದೆ. ಅವು ಕುಟುಕುವ ದಾರಗಳು, ಪಕ್ಕದ ಹವಳವನ್ನು ಸುಡುವುದು ಇವೇ.

ಇದರಂತೆಯೇ ಹಬ್ಬುವ ಇನ್ನೊಂದು ಅನಿಮೋನ್ ಮಜಾನೋ. ಅದು ಗಿಡ್ಡ. ಗ್ರಹಣಾಂಗದ ತುದಿ ಚೂಪಾಗಿರದೆ ಉಬ್ಬಿದ ಮಣಿಯಂತಿರುತ್ತದೆ, ಕಂದು ಇಲ್ಲವೇ ಹಸಿರು, ಕೆಲವೊಮ್ಮೆ ತುದಿಗೆ ನಸುಗೆಂಪು. ನೋಡಲು ಚಂದ ಎಂದು ಬಿಟ್ಟವರು ಆರು ತಿಂಗಳಿಗೆ ಪಶ್ಚಾತ್ತಾಪ ಪಡುತ್ತಾರೆ. ಇದು ಮುಟ್ಟಿದರೂ ಅಷ್ಟು ಬೇಗ ಒಳಗೆ ಹೋಗುವುದಿಲ್ಲ, ಕೈಗವಸಿಗೆ ಅಂಟಿಕೊಳ್ಳುತ್ತದೆ.

ತಪ್ಪಾಗಿ ಶಿಕ್ಷೆ ಅನುಭವಿಸುವುದು ಸಾಮಾನ್ಯವಾಗಿ ಫೆದರ್ ಡಸ್ಟರ್ ಹುಳು. ಅದೂ ಮುಟ್ಟಿದರೆ ಸರಕ್ಕನೆ ಒಳಗೆ ಹೋಗುತ್ತದೆ. ಆದರೆ ಅದು ಹೋಗುವುದು ಒಂದು ಕೊಳವೆಯೊಳಕ್ಕೆ, ಮತ್ತು ಅದರ ಎಳೆಗಳಿಗೆ ಹಕ್ಕಿಗರಿಯಂತೆ ಎರಡೂ ಬದಿ ಸೀಳುಗಳಿರುತ್ತವೆ. ಏಪ್ಟೇಸಿಯಾದ ಎಳೆ ನುಣುಪು. ಸಂದೇಹವಿದ್ದರೆ ಮೊಬೈಲ್ ಕ್ಯಾಮೆರಾದ ಮುಂದೆ ಭೂತಗನ್ನಡಿ ಹಿಡಿದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಅರ್ಧ ನಿಮಿಷದ ಕೆಲಸ.

ಎಣಿಸಿ, ಆಮೇಲೆ ಕೈ ಹಾಕಿ

ದೀಪ ಆರಿದ ಒಂದು ಗಂಟೆಯ ಮೇಲೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ಎಣಿಸಬೇಕು. ಕಲ್ಲಿನ ಅಡಿ, ಓವರ್‌ಫ್ಲೋ ಬಾಕ್ಸಿನ ಒಳಗೋಡೆ, ವೇವ್ ಮೇಕರಿನ (ಅಲೆ ಎಬ್ಬಿಸುವ ಪಂಪು) ಜಾಲರಿ, ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ), ಸ್ಕಿಮ್ಮರಿನ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಹೊರಮೈ, ಹೀಟರಿನ ಹಿಡಿಕೆ, ಎಲ್ಲ ಕಡೆ. ಟ್ಯಾಂಕಿನ ಮುಂದೆ ಕುರ್ಚಿಯಲ್ಲಿ ಕೂತು ಎಣಿಸಿದ ಸಂಖ್ಯೆಯ ಎರಡು ಮೂರು ಪಟ್ಟು ಸಿಕ್ಕರೆ ಆಶ್ಚರ್ಯ ಪಡಬೇಡಿ.

ಹತ್ತರೊಳಗಿದ್ದರೆ ಸಿರಿಂಜು ಸಾಕು. ಮೂವತ್ತು ದಾಟಿದ್ದರೆ ಸಿರಿಂಜು ಹಿಡಿದು ಕೂರುವುದು ಕೈನೋವಿಗೆ ದಾರಿ ಅಷ್ಟೇ, ತಿನ್ನುವ ಜೀವಿ ತರಬೇಕು. ನಡುವಿನ ಸಂಖ್ಯೆಗೆ, ದೊಡ್ಡವನ್ನು ಸಿರಿಂಜಿನಿಂದ ಮುಗಿಸಿ ಸಣ್ಣವನ್ನು ಅವನ್ನು ತಿನ್ನುವ ಸಿಗಡಿಗೆ ಬಿಡುವುದು ಒಳ್ಳೆಯದು. ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಪ್ರತಿ ಭಾನುವಾರ ರಾತ್ರಿ ಮತ್ತೆ ಎಣಿಸಿ. ಈ ಎಣಿಕೆ ಇಲ್ಲದೆ ಮಾಡಿದ ಯಾವ ಉಪಾಯವೂ ಫಲ ಕೊಟ್ಟಿತೋ ಇಲ್ಲವೋ ಗೊತ್ತಾಗುವುದೇ ಇಲ್ಲ.

ಮತ್ತೆ ಎಲ್ಲಿ ಎದ್ದಿತು? ಅದರಲ್ಲೇ ಉತ್ತರ

ಅದೇ ತೂತಿನಲ್ಲಿ, ಎರಡರಿಂದ ಏಳು ದಿನದೊಳಗೆ ಎದ್ದರೆ ಅದು ಸತ್ತೇ ಇರಲಿಲ್ಲ. ಸೂಜಿ ತಾಗಿದ್ದೇ ಒಳಗೆ ಎಳೆದುಕೊಂಡಿದೆ, ಔಷಧಿ ಕಲ್ಲಿನ ಮೇಲೆ ಬಿದ್ದಿದೆ. ಅಥವಾ ಔಷಧಿಯಾಗಿ ಬಳಸಿದ ಸುಣ್ಣದ ಪುಡಿ ಸತ್ವ ಕಳೆದುಕೊಂಡಿದೆ, ಅದನ್ನು ಮುಂದೆ ನೋಡೋಣ.

ಅದೇ ತೂತಿನ ಸುತ್ತ, ಎರಡು ಮೂರು ವಾರಕ್ಕೆ, ಸಾಸಿವೆ ಗಾತ್ರದ ಮರಿಗಳು ಬಳೆಯಂತೆ ಎದ್ದರೆ ನೀವು ಅದನ್ನು ಕೆರೆದಿದ್ದೀರಿ, ಚಿವುಟಿದ್ದೀರಿ ಅಥವಾ ಅರ್ಧ ಸುಟ್ಟಿದ್ದೀರಿ. ಏಪ್ಟೇಸಿಯಾದ ಪಾದದಿಂದ ಹರಿದ ಚೂರು ಪ್ರತಿಯೊಂದೂ ಹೊಸ ಜೀವಿಯಾಗಬಲ್ಲದು. ಯಾರೂ ಮುಟ್ಟದಿದ್ದರೂ ಅದು ತೆವಳುವಾಗ ತನ್ನ ಪಾದದ ಚೂರುಗಳನ್ನು ತಾನೇ ಹಿಂದೆ ಬಿಟ್ಟು ಹೋಗುತ್ತದೆ. ಗದ್ದೆಯ ಜೇಕು ಕಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಹುಲ್ಲು ಕೈಗೆ ಬಂತು, ಗಡ್ಡೆ ಒಳಗೇ ಉಳಿಯಿತು.

ಮೊದಲು ಇಲ್ಲದ ದೂರದ ಕಲ್ಲಿನ ಮೇಲೆ, ನೀರು ಹರಿಯುವ ದಿಕ್ಕಿಗೇ ಸಾಲಾಗಿ ಎದ್ದರೆ ಔಷಧಿ ಹಾಕುವಾಗ ಪಂಪು ಓಡುತ್ತಿತ್ತು. ಕಿತ್ತ ಚೂರು ತೇಲಿ ಹೋಗಿ ಕೂತಿದೆ. ಗಾಜು ಕೆರೆಯುವ ಮ್ಯಾಗ್ನೆಟ್ಟು ಗಾಜಿಗಂಟಿದ ಏಪ್ಟೇಸಿಯಾದ ಮೇಲೆ ಹಾದರೂ ಇದೇ ಕಥೆ.

ಗಾಜಿನ ಮೇಲೆ, ರಿಟರ್ನ್ ಪೈಪಿನ (ಸಂಪಿನಿಂದ ನೀರು ವಾಪಸ್ ತರುವ ಪೈಪು) ಬಾಯಿಯ ಹತ್ತಿರ ಮಾತ್ರ ಮರಿಗಳು ಕಾಣುತ್ತಿದ್ದರೆ ತವರು ಸಂಪಿನಲ್ಲಿದೆ. ಕಾಫಿ ತೋಟದಲ್ಲಿ ಉದುರುಕಾಯಿ ಆಯದೆ ಬಿಟ್ಟರೆ ಬೆರಿ ಬೋರರ್ ಮುಂದಿನ ಫಸಲಿಗೆ ಅಲ್ಲಿಂದಲೇ ಏಳುತ್ತದಲ್ಲ, ಹಾಗೆ. ಡಿಸ್‌ಪ್ಲೇ, ಅಂದರೆ ಮೇಲಿನ ಟ್ಯಾಂಕನ್ನು, ಎಷ್ಟು ಚೊಕ್ಕ ಮಾಡಿದರೂ ಸಂಪ್ ಪೂರೈಸುತ್ತಲೇ ಇರುತ್ತದೆ.

ಹೊಸದಾಗಿ ತಂದ ಹವಳದ ತುಂಡನ್ನು (ಫ್ರ್ಯಾಗ್) ಅಂಟಿಸಿದ ಪ್ಲಗ್ಗಿನ ಬುಡದಲ್ಲಿ ಮಾತ್ರ ಇದ್ದರೆ ತಂದಾಗಲೇ ಬಂದಿದೆ. ಇದು ಸಂತೋಷದ ಸುದ್ದಿ, ಹವಳವನ್ನು ಪ್ಲಗ್ಗಿನಿಂದ ಕತ್ತರಿಸಿ ಹೊಸ ಪ್ಲಗ್ಗಿಗೆ ಅಂಟಿಸಿ, ಹಳೆಯದನ್ನು ಎಸೆದರೆ ಮುಗಿಯಿತು.

ಎಲ್ಲೆಡೆ ಒಟ್ಟಿಗೆ, ದಪ್ಪ ದಪ್ಪಗೆ ಬೆಳೆಯುತ್ತಿದ್ದರೆ ಊಟ ಜಾಸ್ತಿಯಾಗಿದೆ. ನೈಟ್ರೇಟ್ 20 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟಿ, ಫಾಸ್ಫೇಟ್ 0.2 ದಾಟಿ, ಮೀನು ತಿನ್ನದೆ ಬಿಟ್ಟ ಆಹಾರ ಕಲ್ಲುಸಂದಿಗಳಿಗೆ ಹೋಗುತ್ತಿದ್ದರೆ ಅದರ ಪಾಲಿಗೆ ದಿನಾ ಹಬ್ಬ. ಹಾಗೆಂದು ಹಸಿವಿನಿಂದ ಸಾಯಿಸುತ್ತೇನೆ ಎಂದು ಹೊರಡಬೇಡಿ. ಅದರ ಮೈಯೊಳಗೆ ಬೆಳಕಿನಿಂದ ಆಹಾರ ತಯಾರಿಸುವ ಪಾಚಿಕೋಶಗಳಿವೆ. ಟ್ಯಾಂಕಿಗೆ ಕಂಬಳಿ ಹೊದೆಸಿ ಕತ್ತಲು ಮಾಡಿದರೂ ಆ ಪಾಚಿ ಹೋಗಿ ಬಿಳಿಚಿಕೊಂಡು, ಸಿಕ್ಕಿದ್ದನ್ನು ತಿಂದು ಬದುಕುತ್ತದೆ. ಹವಳ ಬಿಳಿಚುವುದೇಕೆ ಎಂದು ಅಭ್ಯಾಸ ಮಾಡುವ ಪ್ರಯೋಗಾಲಯಗಳಲ್ಲಿ ಏಪ್ಟೇಸಿಯಾವನ್ನೇ ಸಾಕುವುದು ಇದೇ ಗುಣಕ್ಕೆ: ಪಾಚಿ ತೆಗೆದರೂ ಸಾಯುವುದಿಲ್ಲ, ಒಂದರಿಂದ ಸಾವಿರ ಮಾಡಬಹುದು. ಅವರಿಗೆ ವರ, ನಮಗೆ ಶಾಪ. ಹವಳಗಳಿಗೆ ಕತ್ತಲು ತಾಳುವ ಆ ಶಕ್ತಿ ಇಲ್ಲ, ಮೊದಲು ಅವೇ ಹೋಗುತ್ತವೆ.

ಸುಣ್ಣದ ಮುದ್ದೆ

ಅಂಗಡಿಯಲ್ಲಿ ಏಪ್ಟೇಸಿಯಾಕ್ಕೆಂದೇ ಸಿಗುವ ದ್ರಾವಣಗಳಿವೆ, ಕೆಲಸ ಮಾಡುತ್ತವೆ. ಆದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಅರಳಿದ ಸುಣ್ಣ, ಅವಕ್ಕೇನೂ ಕಡಿಮೆಯಿಲ್ಲ. ರೀಫ್ ಟ್ಯಾಂಕಿಗೆ ಹೇಗೂ ಬೇಕಾದ ಕ್ಯಾಲ್ಸಿಯಂ ಮತ್ತು ಕ್ಷಾರವನ್ನೇ ಬಿಟ್ಟು ಹೋಗುವುದು ಇದರ ಹೆಚ್ಚುಗಾರಿಕೆ.

ಎಲೆಅಡಿಕೆಯ ಸುಣ್ಣ ಬಳಸಬೇಡಿ. ಡಬ್ಬಿಯ ಸುಣ್ಣಕ್ಕೆ ಬಣ್ಣ, ಪರಿಮಳ, ಇನ್ನೇನೇನೋ ಸೇರಿರಬಹುದು. ಗೋಡೆಗೆ ಬಳಿಯುವ ಸುಣ್ಣವೂ ಬೇಡ, ಮೆಗ್ನೀಷಿಯಂ ಮತ್ತು ಮಣ್ಣು ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಲ್ಯಾಬ್ ಸಾಮಗ್ರಿ ಮಾರುವವರಲ್ಲಿ ಅಥವಾ ಆಹಾರ ದರ್ಜೆಯದೆಂದು ಸಿಗುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ, ಅರ್ಧ ಕಿಲೋ ತಂದರೆ ವರ್ಷಗಟ್ಟಲೆ ಆಗುತ್ತದೆ.

ಆಗುತ್ತದೆ, ಆದರೆ ಉಳಿಯುತ್ತದೆಯೇ? ಮಲೆನಾಡಿನಲ್ಲಿ ಇದೇ ದೊಡ್ಡ ಪ್ರಶ್ನೆ. ಸುಣ್ಣದ ಪುಡಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣಕಲ್ಲಿನ ಪುಡಿಯಾಗುತ್ತದೆ, ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಬೇಗ. ಜೂನ್‌ನಲ್ಲಿ ಪ್ಯಾಕೆಟ್ ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿಟ್ಟದ್ದು ಸೆಪ್ಟೆಂಬರ್ ಹೊತ್ತಿಗೆ ಸೀಮೆಸುಣ್ಣದ ಪುಡಿಗೆ ಸಮ. ಪರೀಕ್ಷೆ ಸುಲಭ. ಚಿಟಿಕೆ ಪುಡಿಯನ್ನು ಬಟ್ಟಲಿಗೆ ಹಾಕಿ ನಾಲ್ಕು ಹನಿ ಬಿಳಿ ವಿನೆಗರ್ ಬಿಡಿ. ಸುಮ್ಮನೆ ಕರಗಿದರೆ ಪುಡಿ ಜೀವಂತ. ಬುರುಬುರು ನೊರೆ ಬಂದರೆ ಅದು ಕಾರ್ಬೊನೇಟ್ ಆಗಿದೆ, ಏಪ್ಟೇಸಿಯಾಕ್ಕೆ ಅದು ಬರೀ ಧೂಳು. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ, ತುಂಬ ತುಂಬಿಸಿ ಇಡುವುದು ಮೇಲು.

ಪ್ರಮಾಣ ಹೀಗೆ. 5 ಗ್ರಾಂ ಪುಡಿಗೆ 6ರಿಂದ 7 ಮಿ.ಲೀ. ಆರ್‌ಒ ನೀರು, ಗಟ್ಟಿ ಮೊಸರಿನ ಹದ. ತೆಳುವಾದರೆ ನೀರಿನಲ್ಲಿ ಹಾಲಿನಂತೆ ಹರಡಿಕೊಂಡು ಗುರಿ ತಪ್ಪುತ್ತದೆ, ಗಟ್ಟಿಯಾದರೆ ಸಿರಿಂಜಿನಲ್ಲೇ ಕಟ್ಟಿಕೊಳ್ಳುತ್ತದೆ. 3 ಮಿ.ಲೀ. ಸಿರಿಂಜಿಗೆ 18 ಗೇಜಿನ ಸೂಜಿ ಹಾಕಿ, ತುದಿಯ ಚೂಪನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಇನ್ಸುಲಿನ್ ಸಿರಿಂಜಿನ ಕೂದಲೆಳೆ ಸೂಜಿಯಲ್ಲಿ ಈ ಮುದ್ದೆ ಹೋಗುವುದೇ ಇಲ್ಲ, ಒತ್ತಿ ಒತ್ತಿ ಕೊನೆಗೆ ಸೂಜಿ ಕಳಚಿ ಟ್ಯಾಂಕಿಗೆ ಸಿಡಿಯುತ್ತದೆ.

ಎಷ್ಟರವರೆಗೆ ಹಾಕಬಹುದು? 1 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೂರ್ತಿ ಕರಗಿದರೆ 100 ಲೀಟರ್ ನೀರಿನ ಕ್ಷಾರೀಯತೆ ಸುಮಾರು 0.75 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ) ಏರುತ್ತದೆ. ಮೇಲಿನ ಮುದ್ದೆಯ 1 ಮಿ.ಲೀ.ನಲ್ಲಿ ಅರ್ಧ ಗ್ರಾಂಗಿಂತ ತುಸು ಹೆಚ್ಚು ಪುಡಿ ಇರುತ್ತದೆ. ಹಾಗಾಗಿ 100 ಲೀಟರಿಗೆ ದಿನಕ್ಕೆ 1 ಮಿ.ಲೀ. ಮುದ್ದೆ ಎಂಬುದನ್ನು ಗೆರೆ ಎಂದಿಟ್ಟುಕೊಳ್ಳಿ. ಮಧ್ಯಮ ಗಾತ್ರದ ಒಂದಕ್ಕೆ 0.1ರಿಂದ 0.2 ಮಿ.ಲೀ. ಸಾಕು. ಅಂದರೆ ದಿನಕ್ಕೆ ಐದರಿಂದ ಎಂಟು. ಲೆಕ್ಕ ಮಾಡುವಾಗ ಕಲ್ಲು ಮರಳು ಕಳೆದು ಉಳಿದ ನೀರನ್ನು ಹಿಡಿಯಿರಿ, ಗಾಜಿನ ಅಳತೆಯನ್ನಲ್ಲ. ಕೆಲಸ ಮುಗಿಸಿದ ಮೇಲೆ ಪಿಎಚ್ 8.5 ದಾಟಿದ್ದರೆ ಮರುದಿನ ರಜೆ.

ಈಗ ಕೈಕೆಲಸ. ಕಣ್ಣಿಗೆ ಕನ್ನಡಕ ಕಡ್ಡಾಯ. ಸುಣ್ಣ ಕಣ್ಣಿಗೆ ಸಿಡಿದರೆ ಪೊರೆಯನ್ನೇ ಸುಡುತ್ತದೆ, ತಕ್ಷಣ ನಲ್ಲಿ ನೀರಿನ ಕೆಳಗೆ ಕಣ್ಣು ತೆರೆದು ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ರಿಟರ್ನ್ ಪಂಪು, ವೇವ್ ಮೇಕರು ಎರಡೂ ನಿಲ್ಲಿಸಿ. ಸಂಪಿನ ನೀರು ಏರಿ ಚೆಲ್ಲುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹತ್ತು ನಿಮಿಷ ಬಿಡಿ, ನಿಂತ ನೀರಿಗೆ ಏಪ್ಟೇಸಿಯಾ ಪೂರ್ತಿ ಅರಳಿಕೊಳ್ಳುತ್ತದೆ. ಆಮೇಲೆ ಇಕ್ಕಳದಿಂದ, ಮಂಜುಗಟ್ಟಿಸಿದ್ದನ್ನು ಕರಗಿಸಿದ ಆರ್ಟೀಮಿಯಾದ (ಮೀನಿಗೆ ಹಾಕುವ ಪುಟ್ಟ ಸಿಗಡಿ) ಒಂದು ಚೂರನ್ನು ಅದರ ಗ್ರಹಣಾಂಗಕ್ಕೆ ಕೊಡಿ. ಅದು ಚೂರನ್ನು ಹಿಡಿದು ಮಡಚಿ ಬಾಯಿಗೆ ಒಯ್ಯುತ್ತದೆ, ಬಾಯಿ ನಿಧಾನವಾಗಿ ಸೀಳಿದ ಗುಂಡಿಕಾಜಿನಂತೆ ತೆರೆಯುತ್ತದೆ. ಈ ಹತ್ತು ಸೆಕೆಂಡೇ ನಿಮ್ಮ ಅವಕಾಶ. ಸೂಜಿಯನ್ನು ಮೇಲಿನಿಂದ ನೇರವಾಗಿ ತಂದು, ಮುಟ್ಟದೆ, ಒಂದು ಅಕ್ಕಿಕಾಳಷ್ಟು ಎತ್ತರದಲ್ಲಿ ನಿಲ್ಲಿಸಿ ಮುದ್ದೆಯನ್ನು ತಟ್ಟೆಯ ಮಧ್ಯಕ್ಕೆ ಮೆಲ್ಲಗೆ ಇಳಿಬಿಡಿ. ಅದು ಆಹಾರದ ಜೊತೆಗೆ ಸುಣ್ಣವನ್ನೂ ನುಂಗಿ ಮುದುಡುತ್ತದೆ. ಮುದುಡಿದ ತೂತಿನ ಬಾಯಿಗೆ ಇನ್ನೊಂದು ಚೂರು ಮುದ್ದೆ ಇಟ್ಟು ಮುಚ್ಚಿ. ಕಾಂಡಕ್ಕೆ ಚುಚ್ಚಲು ಹೋಗಬೇಡಿ, ಹತ್ತರಲ್ಲಿ ಎಂಟು ಸಲ ಅದು ನಿಮಗಿಂತ ಚುರುಕು.

ಪಕ್ಕದ ಹವಳದ ಮೇಲೆ ಮುದ್ದೆ ಬಿದ್ದರೆ ಕೂಡಲೇ ಪಿಪೆಟ್ಟಿನಿಂದ ನೀರು ಊದಿ ಸರಿಸಿ. ಪಂಪುಗಳನ್ನು ಅರ್ಧ ಗಂಟೆ ಬಿಟ್ಟು ಹಾಕಿ, ಮೊದಲು ರಿಟರ್ನ್, ಆಮೇಲೆ ವೇವ್ ಮೇಕರ್. ಮರುದಿನ ಉಳಿದ ಬಿಳಿ ತೊಪ್ಪೆಯನ್ನು ಏರ್‌ಲೈನ್ ಪೈಪಿನಿಂದ ಬಕೆಟ್ಟಿಗೆ ಸೈಫನ್ ಮಾಡಿ ತೆಗೆಯಿರಿ. ತೊಪ್ಪೆಯಡಿ ಕಂದು ಚರ್ಮ ಇನ್ನೂ ಅಲುಗುತ್ತಿದ್ದರೆ ಅಲ್ಲೇ ಇನ್ನೊಮ್ಮೆ ಹಾಕಿ.

ನಿಂಬೆರಸ, ವಿನೆಗರ್ ಎರಡೂ ಮಾಡಬಹುದು. ಆದರೆ ಅವು ನೀರಿನಂತಿರುವುದರಿಂದ ಮೇಲೆ ಸುರಿದರೆ ತೇಲಿ ಹೋಗುತ್ತವೆ, ಒಳಗೇ ಚುಚ್ಚಬೇಕು. ಚುಚ್ಚುವುದೇ ಕಷ್ಟ ಎಂದು ಈಗಷ್ಟೇ ಹೇಳಿದ್ದೇವೆ. ಗಾಜಿನ ಮೇಲಿರುವ, ಓಡಿ ಅಡಗಲು ತೂತಿಲ್ಲದವಕ್ಕೆ ಮಾತ್ರ ಇದು ಸರಿ, ಅಲ್ಲಿ ಇನ್ಸುಲಿನ್ ಸಿರಿಂಜು ಕೆಲಸಕ್ಕೆ ಬರುತ್ತದೆ. ಕುದಿಯುವ ನೀರನ್ನು ಸಿರಿಂಜಿಗೆ ತುಂಬಿ ಹಾಕುವ ಉಪಾಯ ಹೇಳುವವರಿದ್ದಾರೆ, ಒಲೆಯಿಂದ ಟ್ಯಾಂಕಿಗೆ ತರುವಷ್ಟರಲ್ಲಿ ಅದು ಕಾಫಿಯ ಬಿಸಿಗೆ ಇಳಿದಿರುತ್ತದೆ.

ಮೈಲುತುತ್ತದ ಬಕೆಟ್ಟು

ಈ ಭಾಗದ ಮನೆಗಳಿಗೆಂದೇ ಇದನ್ನು ಪ್ರತ್ಯೇಕ ಹೇಳಬೇಕು. ಮೆಣಸಿಗೆ, ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅಂದರೆ ಪ್ರತಿ ಲೀಟರಿನಲ್ಲಿ ಸುಮಾರು 2.5 ಗ್ರಾಂ ತಾಮ್ರ. ಆ ದ್ರಾವಣದ 10 ಮಿ.ಲೀ., ಎರಡು ಚಹಾ ಚಮಚ, 100 ಲೀಟರಿನ ಟ್ಯಾಂಕಿಗೆ ಸೇರಿದರೆ ಒಟ್ಟು 0.25 ಪಿಪಿಎಂ ತಾಮ್ರ. ಮೀನಿನ ಚುಕ್ಕೆರೋಗಕ್ಕೆ ಆಸ್ಪತ್ರೆ ಟ್ಯಾಂಕಿನಲ್ಲಿ ಕೊಡುವುದೇ 0.15ರಿಂದ 0.2 ಪಿಪಿಎಂ, ಅಷ್ಟಕ್ಕೇ ಸಿಗಡಿ, ಬಸವನಹುಳು, ಹವಳ ಉಳಿಯುವುದಿಲ್ಲ.

ಆದ್ದರಿಂದ ಶೆಡ್ಡಿನಲ್ಲಿ ಬೋರ್ಡೋಗೆಂದು ತಂದಿಟ್ಟ ಸುಣ್ಣದ ಚೀಲಕ್ಕೆ ಕೈ ಹಾಕಬೇಡಿ. ಅದರಲ್ಲಿ ಅದ್ದಿದ ಚೊಂಬೋ ಬಕೆಟ್ಟೋ ಎಂದಾದರೂ ನೀಲಿಯಾಗಿರುತ್ತದೆ. ತೂಕದ ತಕ್ಕಡಿ, ಕಲಕುವ ಕೋಲು, ಅಳತೆಯ ಮಗ್ಗು, ಎಲ್ಲ ಟ್ಯಾಂಕಿಗೇ ಬೇರೆ ಇರಲಿ. ಮುಂಗಾರಿನ ಮೊದಲು ಸಿಂಪಡಣೆ ನಡೆಯುವ ದಿನಗಳಲ್ಲಿ ಟ್ಯಾಂಕಿಗೆ ಕೈ ಹಾಕುವ ಮುಂಚೆ ಮೊಣಕೈವರೆಗೆ ತೊಳೆಯಿರಿ, ಮೇಲ್ಛಾವಣಿಯ ಮಳೆನೀರು ಉಪ್ಪು ಕಲಸಲು ಬೇಡವೇ ಬೇಡ. ಸಿಗಡಿ ತಂದು ಬಿಟ್ಟಾಗಲೆಲ್ಲ ಮೂರು ದಿನದಲ್ಲಿ ಸಾಯುತ್ತಿದ್ದರೆ, ಮೀನು ಮಾತ್ರ ಆರಾಮಾಗಿದ್ದರೆ, ಮೊದಲ ಸಂದೇಹ ತಾಮ್ರದ ಮೇಲಿರಲಿ. ಟೆಸ್ಟ್ ಕಿಟ್ಟಿನಲ್ಲಿ ಸ್ವಲ್ಪವೇ ಬಣ್ಣ ಬಂದರೂ ನೀರು ಬದಲಿಸಿ, ತಾಮ್ರ ಹೀರುವ ಮೀಡಿಯಾ ಅಥವಾ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಕಿಟ್ ಶೂನ್ಯ ತೋರಿಸುವವರೆಗೆ ಹೊಸ ಸಿಗಡಿ ತರಬೇಡಿ.

ತಿನ್ನುವವರು

ಪೆಪ್ಪರ್‌ಮಿಂಟ್ ಸಿಗಡಿ ಸುಲಭ ಉಪಾಯ, ಮತ್ತು ಅತಿ ಹೆಚ್ಚು ಮೋಸ ಹೋಗುವ ಉಪಾಯ. ಅದರ ಹೆಸರಿನಲ್ಲಿ ಕ್ಯಾಮಲ್ ಸಿಗಡಿ ಕೈಗೆ ಬರುವುದುಂಟು. ಪೆಪ್ಪರ್‌ಮಿಂಟ್ ಮೈ ಅರೆಪಾರದರ್ಶಕ, ಅದರ ಮೇಲೆ ತೆಳು ಕೆಂಪು ಗೆರೆಗಳು ಮಾತ್ರ. ಕ್ಯಾಮಲ್ ಸಿಗಡಿಗೆ ಬೆನ್ನು ಗೂನು, ದೊಡ್ಡ ಕಣ್ಣು, ಮೇಲಕ್ಕೆ ಎತ್ತಿದ ಮೂಗುಕೊಕ್ಕು, ಕೆಂಪಿನ ನಡುವೆ ಬಿಳಿ ಗೆರೆ ಮತ್ತು ಚುಕ್ಕೆಗಳು. ಬಿಳಿ ಕಂಡರೆ ಬೇಡ ಎನ್ನಿ. ಅದು ಏಪ್ಟೇಸಿಯಾ ಬಿಟ್ಟು ಹವಳ ತಿನ್ನುತ್ತದೆ.

ಸರಿಯಾದ ಸಿಗಡಿಗಳಲ್ಲೂ ಎಲ್ಲವೂ ಏಪ್ಟೇಸಿಯಾ ತಿನ್ನುವುದಿಲ್ಲ. 100 ಲೀಟರಿಗೆ ಮೂರರಿಂದ ಐದು ಬಿಡಿ. ಒಂದೇ ಬಿಟ್ಟರೆ ಅದು ಕಲ್ಲಿನ ಹಿಂದೆ ಸೇರಿ ಮೀನಿನ ಊಟ ಕದ್ದು ತಿಂದು ಹಾಯಾಗಿರುತ್ತದೆ. ಬಿಟ್ಟ ಮೊದಲ ನಾಲ್ಕೈದು ದಿನ ಆಹಾರ ಅರ್ಧಕ್ಕೆ ಇಳಿಸಿ. ಒಂದು ಸೆಂಟಿಮೀಟರಿನೊಳಗಿನ ಏಪ್ಟೇಸಿಯಾ ಇವುಗಳ ಪಾಲು, ದೊಡ್ಡವನ್ನು ನೋಡಿ ದೂರ ಸರಿಯುತ್ತವೆ. ಸಾಗಣೆಯೂ ನೋಡಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಡಿಸೆಂಬರ್ ಚಳಿಗೆ ಬರುವ ಚೀಲ ಬೆಳಗ್ಗೆ ತಣ್ಣಗಾಗಿರುತ್ತದೆ. ಚೀಲವನ್ನು ತೇಲಿಸಿ ಬಿಸಿ ಸಮ ಮಾಡಿ, ಆಮೇಲೆ ಹನಿಹನಿಯಾಗಿ ಒಂದೂವರೆ ಗಂಟೆ ನೀರು ಹೊಂದಿಸಿ. ಉಪ್ಪಿನ ಏರುಪೇರನ್ನು ಸಿಗಡಿ ತಾಳುವುದಿಲ್ಲ.

ಬರ್ಗಿಯಾ ಎಂಬ ಸಮುದ್ರ ಗೊಂಡೆಹುಳು ಸಿಕ್ಕರೆ ಅದರಷ್ಟು ನಂಬಿಕಸ್ಥ ಬೇರೆ ಇಲ್ಲ. ಎರಡು ಸೆಂಟಿಮೀಟರಿನ ಈ ಚಿಪ್ಪಿಲ್ಲದ ಬಸವನಹುಳುವಿಗೆ ಏಪ್ಟೇಸಿಯಾ ಬಿಟ್ಟರೆ ಬೇರೆ ಊಟ ಗೊತ್ತಿಲ್ಲ. ಅದೇ ಅದರ ಶಕ್ತಿ, ಅದೇ ಅದರ ಕಷ್ಟ. ಸಿಕ್ಸ್‌ಲೈನ್ ರಾಸ್ ಮೀನು, ಏಡಿ, ಬಾಕ್ಸರ್ ಸಿಗಡಿ, ಪೆಪ್ಪರ್‌ಮಿಂಟ್ ಸಿಗಡಿ ಇರುವ ಟ್ಯಾಂಕಿಗೆ ಬಿಡುವುದು ದುಡ್ಡನ್ನು ನೀರಿಗೆ ಹಾಕಿದಂತೆ, ಅಕ್ಷರಶಃ. 100 ಲೀಟರಿಗೆ ಐದಾರು, ಎಲ್ಲವನ್ನೂ ಒಂದೇ ಜಾಗದಲ್ಲಿ, ದೀಪ ಆರಿದ ಮೇಲೆ, ಪಂಪು ನಿಲ್ಲಿಸಿ, ಸಣ್ಣ ಏಪ್ಟೇಸಿಯಾಗಳ ಪಕ್ಕ ಪಿಪೆಟ್ಟಿನಿಂದ ಇಳಿಸಿ. ದೊಡ್ಡ ಏಪ್ಟೇಸಿಯಾದ ಪಕ್ಕ ಬಿಟ್ಟರೆ ಊಟ ಯಾರು ಯಾರಿಗಾದರು ಎಂದು ಹೇಳಲಾಗದು. ಪಂಪಿನ ಬಾಯಿಗೆ ಸ್ಪಂಜು ಕಟ್ಟಿ. ಬಿಟ್ಟ ಮೇಲೆ ಅವು ಕಣ್ಣಿಗೆ ಬೀಳುವುದಿಲ್ಲ, ಸತ್ತವು ಎಂದು ಎರಡನೇ ವಾರಕ್ಕೆ ಸುಣ್ಣ ಹಿಡಿದು ಹೊರಡುವವರೇ ಹೆಚ್ಚು. ತಡೆಯಿರಿ. ಕಲ್ಲಿನ ಮೇಲೆ ಬಿಳಿ ದಾರದ ಸುರುಳಿ ಕಂಡರೆ ಅದು ಮೊಟ್ಟೆ. ಎಣಿಕೆ ಇಳಿಯಲು ಎರಡು ಮೂರು ತಿಂಗಳು ಬೇಕು, ಇಳಿಯತೊಡಗಿದರೆ ಒಂದೇ ಸಮನೆ ಇಳಿಯುತ್ತದೆ. ನೀರು 24ರಿಂದ 26 ಡಿಗ್ರಿ ಇರಲಿ, ಜನವರಿಯ ರಾತ್ರಿಗಳಲ್ಲಿ ಹೀಟರ್ ಆ ಮಟ್ಟ ಹಿಡಿಯುತ್ತಿದೆಯೇ ಎಂದು ಬೆಳಗಿನ ಜಾವವೇ ನೋಡಬೇಕು, ಸಂಜೆ ನೋಡಿದರೆ ಗೊತ್ತಾಗದು.

ಮೀನುಗಳ ಬಗ್ಗೆ ಎರಡೇ ಮಾತು. ಬ್ರಿಸಲ್‌ಟೇಲ್ ಫೈಲ್‌ಫಿಶ್ ಚೆನ್ನಾಗಿ ತಿನ್ನುತ್ತದೆ, ಮುಗಿದ ಮೇಲೆ ಕೆಲವು ಹವಳಕ್ಕೂ ಬಾಯಿ ಹಾಕುತ್ತವೆ. ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನನ್ನು ಬರೀ ಏಪ್ಟೇಸಿಯಾಕ್ಕೆಂದು ತರುವುದು ತಪ್ಪು: ದೊಡ್ಡ ಟ್ಯಾಂಕು ಬೇಕು, ತಂದ ಮೊದಲ ವಾರಗಳಲ್ಲಿ ಏನೂ ತಿನ್ನದೆ ಸಾಯುವುದು ಬಹಳ.

ಮಜಾನೋ ಆದರೆ

ಸಿಗಡಿಯನ್ನು, ಬರ್ಗಿಯಾವನ್ನು ಮರೆತುಬಿಡಿ. ಸುಣ್ಣದ ಮುದ್ದೆಯೇ ಗತಿ. ಆದರೆ ಇದು ಬೇಗ ಒಳಗೆ ಹೋಗದ ಕಾರಣ ಕೆಲಸ ಸುಲಭ. ಪ್ರಮಾಣ ಮಾತ್ರ ಒಂದಕ್ಕೆ 0.3 ಮಿ.ಲೀ.ವರೆಗೆ, ಮೈಯೆಲ್ಲ ಮುಚ್ಚುವಂತೆ. ಗುಂಪಾಗಿ ಬೆಳೆದಿದ್ದರೆ ಅಂಚಿನವುಗಳಿಂದ ಶುರುಮಾಡಿ ಒಳಕ್ಕೆ ಬನ್ನಿ, ಇಲ್ಲದಿದ್ದರೆ ಹೊರಗಿನವು ನಡೆದು ಬೇರೆ ಕಲ್ಲಿಗೆ ಹೋಗುತ್ತವೆ.

ಕಲ್ಲನ್ನೇ ಹೊರತೆಗೆಯಬೇಕಾದರೆ

ಒಂದೇ ಕಲ್ಲಿನಲ್ಲಿ ಐವತ್ತು ಇದ್ದು, ಅದರ ಮೇಲೆ ಬೆಲೆಬಾಳುವ ಹವಳವೇನೂ ಇಲ್ಲದಿದ್ದರೆ ತೆಗೆದುಬಿಡುವುದೇ ಲೇಸು. ಪೂರ್ತಿ ಒಣಗಲು ಬಿಸಿಲಿನಲ್ಲಿ ಮೂರು ನಾಲ್ಕು ವಾರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ಕಡೆ ಬಟ್ಟೆಯೇ ಒಣಗುವುದಿಲ್ಲ, ಕಲ್ಲೆಲ್ಲಿ ಒಣಗೀತು? ಆಗ ಒಂದು ಪಾಲು ಮನೆಬಳಕೆಯ ಪರಿಮಳವಿಲ್ಲದ ಬ್ಲೀಚ್, ಹತ್ತು ಪಾಲು ನೀರು, 24 ಗಂಟೆ ಮುಳುಗಿಸಿ, ತೊಳೆದು, ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಹಾಕಿದ ನೀರಿನಲ್ಲಿ ಒಂದು ದಿನ ಇಟ್ಟು, ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ ಒಣಗಿಸಿ. ಬ್ಲೀಚಿಗೆ ವಿನೆಗರ್ ಎಂದಿಗೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಹಂಡೆಯಲ್ಲಿ ಕುದಿಸುವ ಯೋಚನೆ ಬಂದರೆ ಬಿಟ್ಟುಬಿಡಿ. ಕಲ್ಲಿನ ಮೇಲೆ ಝೋವಾಂಥಿಡ್ ಅಥವಾ ಪ್ಯಾಲಿಥೋವಾ ಎಂಬ ಹವಳದಂಥ ಜೀವಿಯ ಒಂದು ಚೂರಿದ್ದರೂ ಆವಿಯಲ್ಲಿ ಪ್ಯಾಲಿಟಾಕ್ಸಿನ್ ಬರಬಹುದು. ಮನೆಯವರೆಲ್ಲ ಒಟ್ಟಿಗೆ ಆಸ್ಪತ್ರೆ ಸೇರುವಂಥ ವಿಷ ಅದು. ಅದೇ ಕಾರಣಕ್ಕೆ ಅಂಥ ಕಲ್ಲನ್ನು ಬ್ರಶ್ಶಿನಿಂದ ಉಜ್ಜುವುದೂ, ಬೆಂಕಿಯಿಂದ ಸುಡುವುದೂ ಸಲ್ಲದು. ಬೆಂಕಿಗೆ ಇನ್ನೊಂದು ತೊಂದರೆ, ಒಳಗಿನ ತೇವ ಆವಿಯಾಗಿ ಕಲ್ಲು ಚಟಾರನೆ ಸಿಡಿಯುತ್ತದೆ.

ಬೆಲೆಬಾಳುವ ಹವಳವಿರುವ ಕಲ್ಲಾದರೆ ಹೊರತೆಗೆದು, ನೀರು ಒರೆಸಿ, ತೂತಿನ ಬಾಯಿಗೆ ಜೆಲ್ ರೂಪದ ಸಯನೋಆಕ್ರಿಲೇಟ್ (ಸೂಪರ್ ಗ್ಲೂ) ಅಂಟು ತುಂಬಿ, ಅದರ ಮೇಲೆ ಅಕ್ವೇರಿಯಂ ಎಪಾಕ್ಸಿ ಮುದ್ದೆ ಒತ್ತಿ ಮುಚ್ಚಬಹುದು. ಬರೀ ಅಂಟಾದರೆ ಏಪ್ಟೇಸಿಯಾ ಪಕ್ಕದ ಸಂದಿಯಿಂದ ನುಸುಳಿ ಬರುತ್ತದೆ.

ತೆಗೆದ ಕಲ್ಲಿನ ಬದಲಿಗೆ ಮಂಗಳೂರು ಕಡೆ ಹೋದಾಗ ಕಡಲಿನಿಂದ ಒಂದು ತರೋಣ ಎನ್ನಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ಸತ್ತ ಹವಳದ ತುಂಡೂ ಅಷ್ಟೇ. ಒಣ ಕೃತಕ ಕಲ್ಲಿನಲ್ಲಿ ಏಪ್ಟೇಸಿಯಾ ಬರುವುದೂ ಇಲ್ಲ.

ಕೊಂದ ಮೇಲೆ ಟ್ಯಾಂಕು ಮಂಕಾದರೆ

ನೀರು ಹಾಲಿನಂತಾಗಿ ಮೀನು ಮೇಲೆ ಬಂದು ಉಸಿರಾಡುತ್ತಿದ್ದರೆ ಒಂದೇ ದಿನ ಬಹಳ ಕೊಂದಿದ್ದೀರಿ. ಕೊಳೆಯುವ ಮೈಗಳು ಆಮ್ಲಜನಕ ತಿಂದು ಅಮೋನಿಯಾ ಬಿಡುತ್ತಿವೆ. ಸ್ಕಿಮ್ಮರಿನ ಕಪ್ ತೆಗೆದು ತೊಳೆದು, ಸ್ಕಿಮ್ಮರಿನ ಗಾಳಿಯನ್ನು ಪೂರ್ತಿ ತೆರೆದಿಡಿ, ಶೇ. 20 ನೀರು ಬದಲಿಸಿ, ಹೊಸ ಕಾರ್ಬನ್ ಎರಡು ದಿನ ಇರಲಿ. ಹವಳ ಮಾತ್ರ ಮುದುಡಿ, ನೀರು ತಿಳಿಯಾಗೇ ಇದ್ದರೆ ಪಿಎಚ್ ಮತ್ತು ಡಿಕೆಎಚ್ ನೋಡಿ, ಅದು ಸುಣ್ಣದ ಹೊಡೆತ. ಅದಕ್ಕೆ ಔಷಧಿ ಹಾಕಬೇಡಿ, ವಿನೆಗರ್ ಸುರಿದು ಇಳಿಸಲೂ ಹೋಗಬೇಡಿ. ಕಿಟಕಿ ತೆಗೆದು ಗಾಳಿ ಆಡಿಸಿ, ಏರ್‌ಸ್ಟೋನ್ ಹಾಕಿ, ಪಿಎಚ್ ತಾನೇ ಇಳಿಯುತ್ತದೆ. ಡಿಕೆಎಚ್‌ಗಾಗಿ ನಿತ್ಯದ ಕ್ಷಾರದ ಡೋಸನ್ನು ಎರಡು ಮೂರು ದಿನ ನಿಲ್ಲಿಸಿದರೆ ಸಾಕು.

ಗುಡುಗು ಮಳೆಯ ಸಂಜೆ, ಕರೆಂಟು ಹೋಗುವ ಲಕ್ಷಣವಿರುವ ದಿನ ಈ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ಕೊಳೆಯುವ ಹೆಣಗಳ ಜೊತೆ ನಿಂತ ಪಂಪು ಸೇರಿದರೆ ರಾತ್ರಿ ಕಳೆಯುವಷ್ಟರಲ್ಲಿ ಮೀನೂ ಹೋಗುತ್ತದೆ. ಬೆಳಗ್ಗೆ ಮಾಡಿ, ಬ್ಯಾಟರಿ ಏರ್‌ಪಂಪು ಕೈಗೆಟಕುವಲ್ಲಿ ಇರಲಿ.

ಸಂಪಿನಲ್ಲಿ ಇದ್ದರೆ ಇರಲಿ, ಫಿಲ್ಟರಿನ ಕೆಲಸ ಮಾಡುತ್ತದೆ ಎನ್ನುವವರೂ ಇದ್ದಾರೆ. ನಮಗೆ ಒಪ್ಪಿಗೆಯಿಲ್ಲ. ಸಂಪನ್ನು ವರ್ಷಕ್ಕೆರಡು ಸಲ ಖಾಲಿ ಮಾಡಿ, ಗೋಡೆಯ ಮೇಲಿನವನ್ನು ಒಣಗಿದ ಗಾಜಿನ ಮೇಲೇ ಬ್ಲೇಡಿನಿಂದ ತೆಗೆದು ಟಿಶ್ಯೂನಿಂದ ಒರೆಸಿ, ಪಂಪು ಮತ್ತು ಸ್ಕಿಮ್ಮರನ್ನು ಒಂದು ಪಾಲು ವಿನೆಗರಿಗೆ ಮೂರು ಪಾಲು ನೀರು ಬೆರೆಸಿದ್ದರಲ್ಲಿ ಎರಡು ಮೂರು ಗಂಟೆ ಓಡಿಸಿ ತೊಳೆಯಿರಿ. ಬ್ಲೇಡು ಬಳಸಬಹುದಾದ ಜಾಗ ಇದೊಂದೇ, ಅಲ್ಲಿ ನೀರಿಲ್ಲದ ಕಾರಣ ಚೂರು ತೇಲಿ ಹೋಗದು. ಹೊಸ ಫ್ರ್ಯಾಗನ್ನು ನಾಲ್ಕರಿಂದ ಆರು ವಾರ ಬೇರೆ ಪೆಟ್ಟಿಗೆಯಲ್ಲಿಡಿ. ಅಯೋಡಿನ್ ದ್ರಾವಣದಲ್ಲಿ ಅದ್ದಿದರೆ ಏಪ್ಟೇಸಿಯಾ ಮುದುಡುತ್ತದೆ, ಸಾಯುತ್ತದೆ ಎಂಬ ಭರವಸೆ ಇಲ್ಲ. ಆರು ವಾರದಲ್ಲಿ ಕಾಣದಷ್ಟು ಸಣ್ಣದೂ ಕಾಣುವಷ್ಟು ದೊಡ್ಡದಾಗಿರುತ್ತದೆ.

ಭಾನುವಾರದ ಎಣಿಕೆ ನಾಲ್ಕು ವಾರ ಸತತ ಸೊನ್ನೆ ಬಂದರೆ ತಿಂಗಳಿಗೊಮ್ಮೆಗೆ ಇಳಿಸಿ. ಐದನೇ ವಾರ ಒಂದು ಕಂಡರೆ ಅದರ ಜಾಗವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವಿನೆಗರಿನಲ್ಲಿ ಪುಡಿ ಪರೀಕ್ಷಿಸಿ, ಸಿರಿಂಜು ತೊಳೆದಿಟ್ಟುಕೊಳ್ಳಿ.